ತೂಕ ಮುಗಿಯುವ ತನಕ

ಗುರುಬಸವ ಸರ್ ಒಂದು ಕಥೆಯನ್ನು ಮೆಚ್ಚುವುದೆಂದರೆ ಧಾರವಾಡದಲ್ಲಿ ಸಣ್ಣ ಮಾತಲ್ಲ. ಇಪ್ಪತ್ತು ವರ್ಷ ಅವರ ಪಡಸಾಲೆಯಲ್ಲಿ ಕೂತು ಕಥೆ ಓದಿದ ನನಗೆ ಸಿಕ್ಕಿದ್ದು ಒಂದೇ ಮಾತು: "ಭಾಷಾ ಛಲೋ ಐತಿ." ಅಂದರೆ ಉಳಿದದ್ದೇನೂ ಛಲೋ ಇಲ್ಲ ಎಂದರ್ಥ. ಮೂರು ಸಂಕಲನ ಬಂದವು, ಒಂದು ಬಹುಮಾನವೂ ಬಂತು. ಆ ಮಾತು ಮಾತ್ರ ಕದಲಲಿಲ್ಲ.

ಗೀತಾಂಜಲಿ ನನ್ನ ಜೊತೆಗೇ ಆ ಪಡಸಾಲೆ ಹತ್ತಿದವಳು. ಬರೆದದ್ದು ಕಡಿಮೆ. ಅದರಲ್ಲೊಂದು ಅವಳ ತಾಯಿಯದೇ ಕಥೆ: ಅಮರಗೋಳದ ಮಾರ್ಕೆಟ್ಟಿಗೆ ಹತ್ತಿ ತಂದ ಹೆಂಗಸಿಗೆ, ಆಸ್ಪತ್ರೆಯಲ್ಲಿದ್ದ ಗಂಡ ತೀರಿಕೊಂಡ ಸುದ್ದಿ ಬರುತ್ತದೆ. ತೂಕ ಮುಗಿಯುವ ತನಕ ಅವಳು ಅಳುವುದಿಲ್ಲ. ಗೀತಾ ಅದನ್ನು ಓದಿ ಮುಗಿಸಿದ ದಿನ ಸರ್ ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ನನಗೆ ಹೊಟ್ಟೆ ಉರಿಯತೊಡಗಿದ್ದು ಅಂದಿನಿಂದ. ಮೇಲೆ ಮಾತ್ರ ಅವಳನ್ನು ತಬ್ಬಿಕೊಂಡೆ.

ಈಗ ಸರ್‌ಗೆ ಮರೆವು. ಹೋದ ರವಿವಾರ ಇಬ್ಬರೂ ನೋಡಲು ಹೋದೆವು. ಸರ್ ನನ್ನ ಕೈ ಹಿಡಿದುಕೊಂಡರು, ಮುಖ ಅರಳಿತು.

"ಆ ಹತ್ತಿ ಮಾರೋ ಹೆಣ್ಮಗಳ ಕಥಿ ನಿಂದಲ್ಲೇನವಾ? ತೂಕ ಮುಗಿಯೋ ತನಕಾ ಅಳೂದಿಲ್ಲ ನೋಡು ಆಕಿ. ಇಷ್ಟು ಮಂದಿಗೆ ಕಲಿಸೇನಿ, ಅಂಥಾದ್ದೊಂದು ಬಂತಲ್ಲ, ಸಾಕು ನನಗ."

ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಗೀತಾ ಪಕ್ಕದಲ್ಲೇ ಕೂತಿದ್ದಳು. ನಾನು "ಹೌದ್ರಿ ಸರ್" ಎಂದೆ.

ಸರ್ ಹೆಂಡತಿ ಶರಣವ್ವನಿಗೆ ಹೇಳಿ, ಯಾವುದೋ ಸನ್ಮಾನದಲ್ಲಿ ತಮಗೆ ಹೊದಿಸಿದ್ದ ಶಾಲು ತರಿಸಿ ನನ್ನ ಹೆಗಲಿಗೆ ಹಾಕಿದರು. ಆಮೇಲೆ ಗೀತಾಳ ಕಡೆ ತಿರುಗಿ ಅಕ್ಕರೆಯಿಂದಲೇ ಹೇಳಿದರು:

"ನೀನೂ ಬರ್ಯಾಕ ಕಲಿ ತಂಗಿ. ಈಕಿ ಬರೀತಾಳಲ್ಲ, ಹಂಗ."

"ಕಲೀತೇನ್ರಿ ಸರ್," ಎಂದು ಗೀತಾ ಬಾಗಿ ಅವರ ಕಾಲು ಮುಟ್ಟಿದಳು.

ಹುಬ್ಬಳ್ಳಿಗೆ ಮರಳುವ ಚಿಗರಿ ಬಸ್ಸಿನಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ವಯಸ್ಸಾದ ಜೀವ, ತಿದ್ದಿದ್ದರೆ ನೊಂದುಕೊಳ್ಳುತ್ತಿದ್ದರು ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲ ಮೇಲೆ ಶಾಲೇ ಇತ್ತು. ತೆಗೆದು ಅವಳ ಮಡಿಲಿಗಿಟ್ಟೆ. ಅವಳು ಮಡಿಕೆ ಸರಿಮಾಡಿ ನನ್ನ ಕೈಗೇ ಕೊಟ್ಟಳು. ತೊಗರಿಬೇಳೆ ತುಟ್ಟಿಯಾಗಿದೆ ಎಂದಳು, ಮಗಳ ಪರೀಕ್ಷೆ ಹತ್ತಿರ ಬಂತು ಎಂದಳು. ಮುಖದಲ್ಲಿ ಏನೂ ಕಾಣಲಿಲ್ಲ. ನಾಚಿಕೆಗೆಟ್ಟವಳು ನಾನು, ನನಗೆ ಸಮಾಧಾನವೂ ಆಯಿತು.

ಅಮರಗೋಳದಲ್ಲಿ ಇಳಿಯುವಾಗ, ಮನೆ ಮುಟ್ಟಿದ ಮೇಲೆ ಫೋನ್ ಮಾಡು ಎಂದು ಎಂದಿನಂತೆಯೇ ಹೇಳಿದಳು. ಬಸ್ಸಿನ ಬಾಗಿಲು ಮುಚ್ಚಿತು. ಗಾಜಿನಾಚೆ ನೋಡಿದರೆ ಗೀತಾ ನಿಲ್ದಾಣದ ಕಂಬ ಹಿಡಿದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಓಡಬಹುದಿತ್ತು. ಶಾಲು ಮಡಿಲಲ್ಲಿಟ್ಟುಕೊಂಡು ಹುಬ್ಬಳ್ಳಿಯ ತನಕ ಕೂತೇ ಇದ್ದೆ.