ಬೀದಿಯಲ್ಲಿ ಹೆಣವಿರುವಾಗ

ವೇದಾಂತ್ ಅಪರಕರ್ಮದ ಹಳೇ ಪುಸ್ತಕ ತಿರುವುತ್ತಿದ್ದ. ಬೆವರಿಗೆ ಹಾಳೆಗಳು ಬೆರಳಿಗೆ ಅಂಟುತ್ತಿದ್ದವು. ನಡುಮನೆಯಲ್ಲಿ ಅಪ್ಪ ಭಾಷ್ಯಂ ದರ್ಭೆಯ ಮೇಲೆ ಮಲಗಿದ್ದರು. ಬೇಲೂರಿನ ಈ ಗುಡಿಬೀದಿಯಲ್ಲಿ ಹೆಣ ಎತ್ತುವ ತನಕ ದೇವರಿಗೂ ನೈವೇದ್ಯವಿಲ್ಲ, ಯಾರೂ ಏನೂ ತಿನ್ನುವುದಿಲ್ಲ. ನಲವತ್ತು ವರ್ಷ ಪೂಜೆ ಮಾಡಿದ ಅಪ್ಪನೇ ಈ ನಿಯಮವನ್ನು ಜೋಪಾನ ಮಾಡಿದವರು.

ಎದುರುಮನೆಯ ಜಾನಕಮ್ಮ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಸಾವಿನ ಸುದ್ದಿ ಬಂದಿತ್ತು. ಏನೂ ತಿನ್ನದೆ ಸಕ್ಕರೆ ಇಳಿದು ಈಗ ಕಂಬಕ್ಕೊರಗಿ ನಡುಗುತ್ತಿದ್ದರು.

"ಒಂದು ಬಾಳೆಹಣ್ಣಾದ್ರೂ ತಿನ್ನಿ ಜಾನಕಮ್ಮೋರೆ," ವೇದಾಂತ್ ಅಂಗಲಾಚಿದ.

"ಭಟ್ರು ಇಲ್ಲೇ ಮಲಗಿರೋವಾಗ ಬಾಯಾಡಿಸ್ಲಾ? ಪುಸ್ತಕದಲ್ಲಿ ತಿನ್ನಬಹುದು ಅಂತಿದ್ರೆ ಹೇಳಪ್ಪ."

ಪುಸ್ತಕದಲ್ಲಿ ಸ್ನಾನದ ವಿಧಿಯಿತ್ತು, ಸೂತಕದ ದಿನಗಳಿದ್ದವು. ಬೀದಿಯವರು ಉಣ್ಣಬಾರದು ಅಂತಲೂ ಇರಲಿಲ್ಲ, ಉಣ್ಣಬಹುದು ಅಂತಲೂ ಇರಲಿಲ್ಲ.

ಫೋನಿನಲ್ಲಿ ತಂಗಿ ಹಿತಾ ಅಳುತ್ತಿದ್ದಳು. "ಟ್ರೈನ್ ಬಾಣಾವರದಲ್ಲೇ ನಿಂತ್ಬಿಟ್ಟಿದೆ ಅಣ್ಣ. ನಾನು ಬರೋ ತನಕ ಎತ್ಬೇಡಿ."

ವೇದಾಂತ್ ಗಡಿಯಾರ ನೋಡಿದ. ಅವಳು ಬಂದು ಹೆಣ ಎತ್ತಲು ಇನ್ನೂ ಎರಡು ಗಂಟೆಯಾದರೂ ಬೇಕು.

*

ಹದಿನಾಲ್ಕು ವರ್ಷದ ಹಿಂದೆ ಇದೇ ಬೀದಿಯಲ್ಲಿ ಇನ್ಯಾರದೋ ಸಾವು. ಅವತ್ತು ಹೀಗೆ ನಡುಗಿದವರು ಜಾನಕಮ್ಮನ ಗಂಡ. "ಇರಿ, ನೋಡಿ ಹೇಳ್ತೀನಿ," ಅಂತ ಭಾಷ್ಯಂ ಇದೇ ಪುಸ್ತಕ ಬಿಚ್ಚಿದ್ದರು. ನೋಡಿ ತಲೆಯೆತ್ತುವಷ್ಟರಲ್ಲಿ ಆ ಮನುಷ್ಯನಿಗೆ ಪ್ರಜ್ಞೆ ಇರಲಿಲ್ಲ. ಮತ್ತೆ ಬರಲೂ ಇಲ್ಲ. ಯಾರೂ ಭಾಷ್ಯಂ ಅವರನ್ನು ಒಂದು ಮಾತು ಅನ್ನಲಿಲ್ಲ. ಜಾನಕಮ್ಮನಂತೂ, "ನಿಯಮ ಮೀರದೆ ಹೋದ್ರು," ಎಂದೇ ಸಮಾಧಾನಪಟ್ಟುಕೊಂಡರು. ಆ ಮಾತು ಕಿವಿಗೆ ಬಿದ್ದ ದಿನಗಳಲ್ಲೆಲ್ಲ ಭಾಷ್ಯಂ ಊಟದ ಎಲೆ ಬಿಟ್ಟು ಎದ್ದುಹೋಗುತ್ತಿದ್ದುದು ಹೆಂಡತಿ ಕನಕಲಕ್ಷ್ಮಿಗೆ ಮಾತ್ರ ಗೊತ್ತು.

*

ಜಾನಕಮ್ಮನ ಮಾತು ತೊದಲತೊಡಗಿತು.

"ಒಂದ್ನಿಮಿಷ, ನೋಡಿ ಹೇಳ್ತೀನಿ," ಎಂದು ವೇದಾಂತ್ ಮತ್ತೆ ಹಾಳೆ ತಿರುವಿದ.

ಬೆಳಗಿನಿಂದ ಗಂಡನ ತಲೆಯ ಬಳಿ ಅಲುಗಾಡದೆ ಕೂತಿದ್ದ ಕನಕಲಕ್ಷ್ಮಿ ಬೆಚ್ಚಿಬಿದ್ದರು. "ನಿಮ್ಮಪ್ಪನೂ ಹೀಗೇ ಅಂದ್ರು ಕಣೋ!"

ಎದ್ದು ಒಳಗೆ ಹೋಗಿ ಲೋಟದ ತುಂಬ ಸಕ್ಕರೆ ನೀರು ಕದಡಿ ತಂದರು. ಜಾನಕಮ್ಮ ತುಟಿ ಬಿಗಿದು ಹೆಣದ ಕಡೆ ನೋಡಿದರು.

"ಅವ್ರಿಗೆ ಪಾಪ ತಟ್ಟುತ್ತೆ ಕನಕಾ..."

ಕನಕಲಕ್ಷ್ಮಿ ಒಮ್ಮೆ ಗಂಡನ ಮುಖ ನೋಡಿದರು. ಅವರಿಗೂ ಭಯವಾಯಿತು. ಆದರೂ ಬೀದಿಯವರೆಲ್ಲ ನೋಡುತ್ತಿದ್ದಂತೆ ಲೋಟ ಎತ್ತಿ ತಾವೇ ಎರಡು ಗುಟುಕು ಕುಡಿದರು.

"ಮೊದಲು ನನಗೆ ತಟ್ಲಿ. ಈಗ ಕುಡೀರಿ."

ಜಾನಕಮ್ಮನ ಬಾಯಿ ತೆರೆಯಿತು. ವೇದಾಂತ್ ಪುಸ್ತಕದಲ್ಲಿ ಗುರುತಿಗಿಟ್ಟಿದ್ದ ಬೆರಳನ್ನು ಹೊರಗೆಳೆದು ಲೋಟದ ತಳ ಹಿಡಿದುಕೊಂಡ. ಮೂರೂ ಜನರ ಕೈಯಲ್ಲಿದ್ದ ಲೋಟದ ಅಂಚು ಮುದುಕಿಯ ಹಲ್ಲಿಗೆ ಕಟಕಟ ಬಡಿಯುತ್ತಿತ್ತು.