ಹಂಪ್ ದಾಟಿದ ಮೇಲೆ

ಬೇಕರಿಯ ವ್ಯಾನಿನಲ್ಲಿ ನನ್ನ ಕೆಲಸ ಒಂದೇ. ವ್ಯಾನ್ ಹಂಪ್ ಹತ್ತಿ ಇಳಿದ ಕೂಡಲೇ ಪಕ್ಕದ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುವುದು. ಇವರು "ನೋಡಿದ್ಯಾ?" ಎನ್ನುತ್ತಾರೆ. ನಾನು "ನೋಡಿದೆ, ಯಾರೂ ಇಲ್ಲ" ಎನ್ನಬೇಕು. ಸಂಬಳವಿಲ್ಲ, ರಜೆಯಿಲ್ಲ. ಕೆಲಸ ಕೊಟ್ಟವರು ಕಟ್ಟಿಕೊಂಡ ಗಂಡ, ಯಾರ ಹತ್ತಿರ ದೂರುವುದು?

ನಮ್ಮ ಯಜಮಾನರು ಬ್ರೆಡ್ಡು ಬನ್ನು ಹೇರಿಕೊಂಡು ಅಂಗಡಿ ಅಂಗಡಿಗೆ ಹಾಕಲು ಶುರುಮಾಡಿ ಎಷ್ಟೋ ವರ್ಷವಾಯಿತು. ಒಂದು ಕೋಳಿಗೂ ಗುದ್ದಿದವರಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ಶಾಲೆಯ ಮುಂದಿನ ಹಂಪ್ ಮೇಲೆ ವ್ಯಾನ್ ಕುಲುಕಿ, ಹಿಂದೆ ಜೋಡಿಸಿದ್ದ ಟ್ರೇ ಒಂದು ದಡ್ ಎಂದು ಬಿತ್ತು. ಯಾರಿಗೋ ಗುದ್ದಿಬಿಟ್ಟೆ ಎಂದು ಇವರ ಜೀವ ಬಾಯಿಗೆ ಬಂತು. ಇಳಿದು ನೋಡಿದರು. ರಸ್ತೆಯಲ್ಲಿ ಯಾರೂ ಇಲ್ಲ. ಬಿದ್ದ ಟ್ರೇಯನ್ನೂ ಕಣ್ಣಾರೆ ಕಂಡರು. ಬೇರೆಯವರಿಗಾದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರಿಗೆ ಅಲ್ಲಿಂದ ಶುರುವಾಯಿತು.

ಟ್ರೇ ಬಿದ್ದದ್ದು ನಿಜ, ಆದರೆ ಅದೇ ಹೊತ್ತಿಗೆ ಮಗುವೊಂದು ಚಕ್ರದ ಕೆಳಗೆ ಬಂದಿರಬಹುದಲ್ಲ? ಯಾರೋ ಎತ್ತಿಕೊಂಡು ಆಸ್ಪತ್ರೆಗೆ ಓಡಿರಬಹುದಲ್ಲ? ಆ ಯೋಚನೆ ತಲೆಯೊಳಗೆ ಹೊಕ್ಕದ್ದು ಮತ್ತೆ ಹೊರಗೆ ಬರಲಿಲ್ಲ. ಪ್ರತಿ ಹಂಪಿಗೂ ವ್ಯಾನ್ ತಿರುಗಿಸಿಕೊಂಡು ಹೋಗಿ ನೋಡುವುದು, ಟೈರಿನಲ್ಲಿ ಕೆಂಪು ಮಣ್ಣು ಕಂಡರೆ ಉಗುರಿನಿಂದ ಕೆರೆದು ಮೂಸುವುದು. ಒಂದು ದಿನ ಪೊಲೀಸ್ ಠಾಣೆಗೇ ಹೋಗಿ, ತಮ್ಮ ಮೇಲೆ ಏನಾದರೂ ದೂರು ಬಂದಿದೆಯಾ ಎಂದು ಕೇಳಿದರಂತೆ. "ಇಲ್ಲಾರೀ. ಬೇಕಾದ್ರೆ ಒಂದು ಬರ್ಕೊಳ್ಳೋಣ್ವಾ?" ಎಂದು ಪೇದೆ ನಕ್ಕನಂತೆ. ಇವರು ನಗಲಿಲ್ಲ. ಬರೆದುಕೊಂಡಿದ್ದರೇ ಒಳ್ಳೆಯದಿತ್ತೇನೋ ಎಂದು ಮನೆಗೆ ಬಂದು ಗೋಡೆಗೆ ಒರಗಿ ಕೂತರು.

"ಸಣ್ಣವನಿದ್ದಾಗ ಇರುವೆ ತುಳಿದ್ರೂ ಅಳ್ತಿದ್ದ ಇವನು. ನೀನೊಂದಷ್ಟು ದಿನ ಜೊತೇಲಿ ಹೋಗಮ್ಮ. ಒಂದು ಮಾತು ಹೇಳಿದ್ರೆ ಸಮಾಧಾನ ಆಗತ್ತೆ," ಎಂದರು ನಮ್ಮತ್ತೆ. ಅತ್ತೆಯ ಮಾತು ನಾನು ಕೇಳಿದ್ದೇ ಅಪರೂಪ, ಕೇಳಿದ್ದು ಇದನ್ನು. ಹೊಲಿಗೆ ಮೆಷಿನ್ನಿಗೆ ಹಳೇ ಸೀರೆ ಹೊದಿಸಿ ವ್ಯಾನ್ ಹತ್ತಿದೆ.

ಮೊದಮೊದಲು ನನ್ನ ಒಂದು "ಯಾರೂ ಇಲ್ಲ" ಒಂದು ಬೀದಿಗೆ ಸಾಕಾಗುತ್ತಿತ್ತು. ಆಮೇಲೆ ಹಂಪಿಗೊಂದು ಬೇಕಾಯಿತು. ಆಮೇಲೆ ಒಂದಕ್ಕೇ ನಾಲ್ಕಾರು. "ಸರಿಯಾಗಿ ನೋಡಿದ್ಯಾ? ಕಣ್ಣು ಮಿಟುಕಿಸಲಿಲ್ಲ ತಾನೇ?" ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ಕಣ್ಣು ಕಿತ್ತು ಕೈಗೆ ಕೊಡ್ತೀನಿ, ನೀವೇ ನೋಡ್ಕೊಳ್ಳಿ!" ಎಂದು ಕಿರುಚಿ, ಮರುಗಳಿಗೆ ಅವರ ಮುಖ ನೋಡಿ ಮತ್ತೆ ಕನ್ನಡಿಗೆ ಕಣ್ಣು ಹಚ್ಚುತ್ತಿದ್ದೆ. ಒಬ್ಬಳೇ ಬಸ್ಸಿನಲ್ಲಿ ಹೋದಾಗಲೂ ಹಂಪ್ ಬಂದರೆ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಅಭ್ಯಾಸಬಲ ಎಂದುಕೊಂಡೆ.

ಬ್ರೆಡ್ಡು ಅಂಗಡಿ ಸೇರುವಷ್ಟರಲ್ಲಿ ಮಧ್ಯಾಹ್ನವಾಗತೊಡಗಿತು. ಬೇಕರಿಯ ಸಾಹುಕಾರರು ಒಳ್ಳೆಯವರೇ, ಆದರೆ ಅವರ ತಾಳ್ಮೆಗೂ ಕೊನೆಯಿದೆ. "ಈ ವಾರ ಹೊತ್ತಿಗೆ ಸರಿಯಾಗಿ ಮಾಲು ಮುಟ್ಟಲಿಲ್ಲ ಅಂದ್ರೆ ಕೀ ಕೊಟ್ಟುಬಿಡಪ್ಪ," ಎಂದರು. ಸ್ಟೇರಿಂಗ್ ಬಿಟ್ಟರೆ ಇವರಿಗೆ ಬೇರೆ ಕೆಲಸ ಬಾರದು. ವ್ಯಾನ್ ಹೋದರೆ ಈ ಮನುಷ್ಯ ಮನೆಯ ಮೂಲೆಯಲ್ಲಿ ಕೂತು ಹಾಗೇ ಕರಗಿಹೋಗುತ್ತಾರೆ ಎಂದು ನನಗೆ ಭಯವಾಯಿತು. ಇವರನ್ನು ಎಳೆದುಕೊಂಡು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋದೆ.

"ಇದು ಗೀಳು ಕಾಯಿಲೆ," ಎಂದರು ಅವರು. ಗೀಳು ಎಂದರೆ ಇಸ್ಪೀಟಿನ ಗೀಳು, ಸಿನಿಮಾದ ಗೀಳು ಎಂದು ತಿಳಿದವಳು ನಾನು. ಅವುಗಳಲ್ಲಿ ಹಾಳಾಗುವವನಿಗೆ ಒಂದಿಷ್ಟು ಸುಖವಾದರೂ ಇರುತ್ತದೆ. ಇದರಲ್ಲಿ ಏನಿದೆ, ಮಣ್ಣು? ಡಾಕ್ಟರಮ್ಮ ಮಾತ್ರೆ ಬರೆದರು. ಆಮೇಲೆ ನನ್ನ ಕಡೆ ತಿರುಗಿದರು. "ಯಾರೂ ಇಲ್ಲ ಅಂತ ಹೇಳೋದನ್ನ ನೀವು ನಿಲ್ಲಿಸ್ಬೇಕು."

"ಹೇಳ್ದಿದ್ರೆ ಇವ್ರು ಸತ್ತೇ ಹೋಗ್ತಾರೆ ಡಾಕ್ಟ್ರೇ!"

"ಸಾಯಲ್ಲ. ಬೆವರ್ತಾರೆ, ಅಳಬಹುದು, ನಿಮ್ಮನ್ನ ಬೈಬಹುದು. ಆ ಸಂಕಟ ತಾನಾಗೇ ಇಳಿಯುತ್ತೆ. ಇಳಿಯೋಕೆ ನೀವು ಬಿಡ್ತಿಲ್ಲ. ನಿಮ್ಮ ಸಮಾಧಾನದ ಮಾತೇ ಅದಕ್ಕೆ ಊಟ. ಇನ್ಮೇಲೆ ಕೇಳಿದ್ರೆ 'ಗೊತ್ತಿಲ್ಲ' ಅನ್ನಿ. ಅಷ್ಟೇ."

ಇವರೇ ತಲೆ ಆಡಿಸಿ ಒಪ್ಪಿಕೊಂಡರು. ವ್ಯಾನನ್ನು ತಿರುಗಿಸುವುದಿಲ್ಲ ಎಂದೂ ಮಾತು ಕೊಟ್ಟರು.

ಮರುದಿನ ಬೆಳಿಗ್ಗೆ ಶಾಲೆಯ ಹಂಪ್ ದಾಟಿತು. "ನೋಡಿದ್ಯಾ?"

"ಗೊತ್ತಿಲ್ಲ."

"ನಿನ್ನ ದಮ್ಮಯ್ಯ ಅಂತೀನಿ, ಇದೊಂದು ಸಲ ಹೇಳೇ."

"ಗೊತ್ತಿಲ್ಲಾರೀ."

ಅವರ ಕಾಲು ಬ್ರೇಕಿನ ಮೇಲೆ ಹೋಗಿ ಹೋಗಿ ಬರುತ್ತಿತ್ತು. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ನಿನಗೆ ಕರುಣೆಯಿಲ್ಲ, ನೀನು ಹೆಂಗಸೇ ಅಲ್ಲ ಎಂದರು. ಕನ್ನಡಿ ನೋಡುವ ಕೆಲಸ ತಪ್ಪಿದ್ದರಿಂದ ಅವರ ಕೈಗಳನ್ನೇ ನೋಡುತ್ತಿದ್ದೆ. ಸ್ಟೇರಿಂಗನ್ನು ಹಿಂಡುವ ಹಾಗೆ ಹಿಡಿದಿದ್ದ ಕೈ, ಬೀದಿ ಕಳೆದಂತೆ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಸಂತೆಬೀದಿಯ ಹಂಪ್ ಮೇಲೆ ಏನೋ ಟಪ್ ಎಂದಿತು. ಇವರು ಒಮ್ಮೆ ಉಸಿರು ಬಿಗಿಹಿಡಿದರು, ನನ್ನನ್ನು ಕೇಳಲಿಲ್ಲ. ಗಾಡಿ ಮುಂದೆ ಹೋಯಿತು.

ಕೊನೆಯ ಅಂಗಡಿಯವನು ಬ್ರೆಡ್ಡು ಮುಟ್ಟಿ ನೋಡಿ, "ಏನಣ್ಣ, ಇವತ್ತು ಸೂರ್ಯ ಎಲ್ಲಿ ಹುಟ್ಟಿದ? ಬ್ರೆಡ್ಡು ಇನ್ನೂ ಬಿಸಿ ಇದೆ!" ಎಂದ. ಇವರು ನಕ್ಕರು. ಆ ನಗು ಕಂಡು ಎಷ್ಟು ತಿಂಗಳಾಗಿತ್ತೋ! ನನಗೆ ಖುಷಿಯಾಗಬೇಕಿತ್ತು. ಆದರೆ ನನ್ನ ಕಿವಿಯಲ್ಲಿ ಆ 'ಟಪ್' ಕೂತಿತ್ತು.

ಏನದು? ಗೊತ್ತಿಲ್ಲ. ಇಷ್ಟು ದಿನ ನೋಡಿ ಹೇಳುತ್ತಿದ್ದೆ. ಇವತ್ತು ನಿಜಕ್ಕೂ ನೋಡಿರಲಿಲ್ಲ. ಸಂತೆಬೀದಿಯಲ್ಲಿ ಮುದುಕಿಯರು ಅಡ್ಡಡ್ಡ ಓಡಾಡುತ್ತಾರೆ. "ನೀವು ಹೊರಡಿ, ನಂಗೆ ದಾರ ತಗೋಬೇಕು," ಎಂದು ಸುಳ್ಳು ಹೇಳಿ ಇಳಿದೆ. ವ್ಯಾನ್ ಮರೆಯಾದದ್ದೇ ಹಿಂದಕ್ಕೆ ಓಡಿದೆ.

ಹಂಪಿನ ಪಕ್ಕ ಚಪ್ಪಟೆಯಾದ ನೀರಿನ ಬಾಟಲಿ ಬಿದ್ದಿತ್ತು. ಅಷ್ಟೇ. ಅಬ್ಬ ಎಂದುಕೊಂಡೆ. ಆ ಅಬ್ಬ ಒಂದು ಉಸಿರಿನಷ್ಟೂ ಉಳಿಯಲಿಲ್ಲ. ಬಾಟಲಿ ಹಿಡಿದಿದ್ದವಳು ಎಲ್ಲಿ? ಯಾರಾದರೂ ಎತ್ತಿಕೊಂಡು ಹೋದರಾ? ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುವ ಮುದುಕನಿದ್ದ. "ಯಜಮಾನ್ರೇ, ಬೆಳಿಗ್ಗೆ ಇಲ್ಲಿ ಯಾರಿಗಾದ್ರೂ ಗಾಡಿ ತಾಗ್ತಾ?"

ಅವನು ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದ. "ಇಲ್ಲ ತಾಯಿ. ದಿನಾ ಒಬ್ಬ ಬ್ರೆಡ್ ವ್ಯಾನಿನವ್ರು ಬಂದು ಇದನ್ನೇ ಕೇಳ್ತಿದ್ರು. ಇವತ್ತು ನಿಲ್ಲಿಸದೇ ಹೋದ್ರು. ಪಾಪ, ಅವ್ರಿಗೆ ವಾಸಿಯಾಯ್ತು ಅಂದ್ಕೊಂಡೆ."

"ಸರಿಯಾಗಿ ನೋಡಿದ್ರಾ?" ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರದೆಂದು ತಿಳಿಯಿತು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಮನೆಗೆ ಬಂದಾಗ ಇವರು ಅಡುಗೆಮನೆಯಲ್ಲಿ ತಾವೇ ಚಹಾ ಕಾಸುತ್ತಿದ್ದರು. ಸಾಹುಕಾರರು ಬೆನ್ನು ತಟ್ಟಿದರಂತೆ. ಉತ್ಸಾಹದಿಂದ ಹೇಳುತ್ತಿದ್ದವರು ನನ್ನ ಬರಿಗೈ ನೋಡಿದರು. "ದಾರ ಎಲ್ಲಿ?"

ತಡೆದುಕೊಳ್ಳಬೇಕು ಎಂದು ಬಾಯಿಗೆ ಸೆರಗು ಒತ್ತಿಕೊಂಡೆ. ಆಗಲಿಲ್ಲ. "ರೀ, ಸಂತೆಬೀದಿ ಹಂಪ್ ಹತ್ರ ಏನೋ ಸದ್ದಾಯ್ತಲ್ಲ. ಯಾರೂ ಇರ್ಲಿಲ್ಲ ತಾನೇ? ನೀವು ನೋಡಿದ್ರಾ?"

ಅವರ ಮುಖದ ಬಣ್ಣ ಇಳಿಯಿತು. ಒಲೆ ಆರಿಸಿ ಬಂದು ನನ್ನೆದುರು ಕೂತು ಎರಡೂ ಕೈ ಹಿಡಿದುಕೊಂಡರು. ಯಾರೂ ಇರಲಿಲ್ಲ ಎನ್ನುವ ಮಾತು ಅವರ ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅದೊಂದು ಮಾತಿಗಾಗಿ ನಾನು ಅವರ ಕಾಲಿಗೆ ಬೀಳಲೂ ಸಿದ್ಧಳಿದ್ದೆ.

"ಗೊತ್ತಿಲ್ಲ ಕಣೇ," ಎಂದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ಕೊಸರಿಕೊಂಡೆ, ಬೈದೆ. ಅವರು ಕೈ ಬಿಡಲಿಲ್ಲ.