ದಾಸಪ್ಪನವರ ಗಂಟಲಿಗೆ ಇಟ್ಟ ಆಣೆ

ಮುಳ್ಳೂರಿನ ಷಡಕ್ಷರಿಗೆ ತಲೆ ಕೆಟ್ಟಿತ್ತು ಎಂದು ಮೊದಲೇ ಹೇಳಿಬಿಡುವುದು ಮೇಲು. ಹೊಲ, ಎತ್ತು, ಮನೆ ಎಲ್ಲ ನೆಟ್ಟಗಿದ್ದ ಗಂಡಸು. ಹೆಂಡತಿ ಶಿವರತ್ನಮ್ಮ ಚೊಚ್ಚಲ ಬಸುರಿ. ಇವನಿಗೆ ಮಾತ್ರ ಎದ್ದರೂ ಬಿದ್ದರೂ ನಾಟಕ ಕಂಪನಿಯ ಹಾಡುಗಾರ ಮುರಾರಿದಾಸಪ್ಪನವರದೇ ಧ್ಯಾನ. ಹಾಗಂತ ಅವರ ಹತ್ತಿರ ಒಂದು ಮಾತಾಡಿದವನೂ ಅಲ್ಲ. ಕೊಳ್ಳೇಗಾಲದ ಸಂತೆಗೆ ಹೋದಾಗಲೆಲ್ಲ ಕಾಫಿ ಹೋಟೆಲಿನಲ್ಲಿ ಅವರ ಪ್ಲೇಟು ಹಾಕಿಸಿ, ಗ್ರಾಮಫೋನಿನ ಕೊಳವೆಯ ಪಕ್ಕ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಒಂದೇ ಒಂದು ಸಲ ಮೈಸೂರಿನಲ್ಲಿ ಹಿಂದಿನ ಬೆಂಚಿನಿಂದ ಅವರ ನಾಟಕ ನೋಡಿ ಬಂದು, "ಆಡುವಾಗ ನನ್ನೇ ನೋಡುದ್ರು ಕಣ್ಲಾ" ಎಂದು ಊರೆಲ್ಲ ಸಾರಿದ್ದ. ಆ ದೀಪಗಳ ಝಳಕ್ಕೆ ದಾಸಪ್ಪನವರಿಗೆ ಮುಂದಿನ ಸಾಲೇ ಕಾಣುತ್ತಿರಲಿಲ್ಲ, ಇನ್ನು ಇವನ ಮೂತಿ ಎಲ್ಲಿಂದ ಕಂಡೀತು?

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಒಂದು ಸಂತೆಯ ದಿನ ಹೋಟೆಲಿನಲ್ಲಿ ಯಾವನೋ ರೇಷ್ಮೆ ವ್ಯಾಪಾರಿ, "ಆ ದಾಸಪ್ಪನ ಗಂಟಲು ಈಗ ಮುಂಚಿನಂಗಿಲ್ಲವಂತೆ" ಎಂದುಬಿಟ್ಟ. ಷಡಕ್ಷರಿ ಮೇಜು ಗುದ್ದಿ ಎದ್ದ. ಸೊಂಟದ ಚೀಲದಿಂದ ಮಾದಪ್ಪನ ಬೆಟ್ಟದ ವಿಭೂತಿ ತೆಗೆದು, ಹಣೆಗೆ ಒತ್ತಿಕೊಂಡು ಕೂಗಿದ.

"ಮಲೆ ಮಾದಪ್ಪನ ಆಣೆಗೂವೆ ಏಳ್ತೀನಿ ಕೇಳ್ಕಳಿ! ದಾಸಪ್ಪನೋರ ಗಂಟ್ಲು ಒಡ್ದೋಗದ ಅಂತ ನನ್ ಎದುರ್ಗ ಯಾವನ್ ಅಂದ್ರೂ ಅವನ ಹಲ್ಲು ಉದುರುಸ್ತೀನಿ. ಅವ ನಮ್ಮಪ್ಪನೇ ಆಗಿರ್ಲಿ!"

ಈ ಸೀಮೆಯಲ್ಲಿ ಅಮ್ಮನಾಣೆ, ಅಪ್ಪನಾಣೆ ದಿನಕ್ಕೆ ನೂರು ಬೀಳುತ್ತವೆ, ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಮಾದಪ್ಪನ ಹೆಸರಲ್ಲಿ ವಿಭೂತಿ ಹಿಡಿದು ಇಟ್ಟ ಆಣೆ ಬೇರೆ. ಅದನ್ನು ಮುರಿದರೆ ಮನೆತನ ಹಾಳು ಎಂದು ಮಕ್ಕಳಿಗೂ ಗೊತ್ತು. ಅಂಥ ಆಣೆಯನ್ನು ಮಳೆಗಲ್ಲ, ಮಗುವಿಗಲ್ಲ, ಬಣ್ಣ ಬಳಿದುಕೊಂಡು ಹಾಡುವವನ ಗಂಟಲಿಗೆ ಇಟ್ಟನಲ್ಲ, ಈ ಬುದ್ಧಿವಂತನಿಗೆ ಏನೆನ್ನೋಣ!

ಸ್ವಲ್ಪ ದಿನಕ್ಕೆ ಶಿವರತ್ನಮ್ಮನ ತಮ್ಮ ಶಿವನಂಜ ಅಕ್ಕನನ್ನು ನೋಡಲು ಯಳಂದೂರಿನಿಂದ ಬಂದ. ನಗುಮೊಗದ ಹುಡುಗ, ಅಕ್ಕನೆಂದರೆ ಪ್ರಾಣ. ಆಣೆಯ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ. ಊಟಕ್ಕೆ ಕೂತು ಮುದ್ದೆ ಮುರಿಯುತ್ತ ಅವನು ತನಗೆ ತೋಚಿದ್ದನ್ನು ಹೇಳಿದ.

"ನಿಮ್ ದಾಸಪ್ಪನ ಕಂಪ್ನಿ ನಮ್ಮೂರ್ಗ ಬಂದಿತ್ತು. ನಾಟ್ಕ ಚೆಂದಾಗಿತ್ತು. ಆದ್ರ ಅವರ ಗಂಟ್ಲು ಒಡ್ದೋಗದ. ಸ್ವರ ಮೇಲುಕ್ಕ ಓದ್ರ ಸೀಳ್ಕಂಡು ಬತ್ತದ."

ಷಡಕ್ಷರಿಯ ಕೈಯ ತುತ್ತು ತಟ್ಟೆಗೆ ಬಿತ್ತು. "ಅಂದಿಲ್ಲ ಅನ್ನು," ಎಂದ.

"ಏನಂದಿಲ್ಲ?"

"ಈಗ ಅಂದ್ಯಲ್ಲ, ಅದ. ಅಂದಿಲ್ಲ ಅನ್ನು ಲೇ!"

ಶಿವನಂಜ ಇದು ತಮಾಷೆ ಎಂದುಕೊಂಡ. "ಅಯ್ಯೋ, ಒಡ್ದೋಗಿರದ್ನ ಒಡ್ದೋಗದ ಅನ್ದೆ ಇನ್ನೇನನ್ಲಿ?" ಎಂದು ನಕ್ಕ.

ಷಡಕ್ಷರಿಯ ಕೈಗೆ ಸಿಕ್ಕಿದ್ದು ನೀರಿನ ಹಿತ್ತಾಳೆ ಚೊಂಬು. ಅದನ್ನು ಎತ್ತಿ ಆ ನಗುವ ಬಾಯಿಗೇ ಬಾರಿಸಿದ. ಹುಡುಗ ಗೋಡೆಗೆ ಒರಗಿದ. ಇನ್ನೊಂದು ಏಟು ಬಿತ್ತು, ದವಡೆ ಲಟಕ್ಕೆಂದಿತು. ಮುಂದಿನ ಹಲ್ಲುಗಳು ರಕ್ತದ ಜೊತೆ ತಟ್ಟೆಯ ಸಾರಿಗೆ ಉದುರಿದವು. ಒಳಗಿಂದ ಓಡಿಬಂದ ಶಿವರತ್ನಮ್ಮ ಗಂಡನ ತೋಳಿಗೆ ಜೋತುಬಿದ್ದಳು. ಅವಳನ್ನೂ ಕೊಡವಿದ. ಬಸುರಿ ಹೆಂಗಸು ಒರಳುಕಲ್ಲಿನ ಪಕ್ಕ ಹೋಗಿ ಬಿದ್ದಳು. ಆಗಲೂ ಈ ಪಾಪಿ ಚೊಂಬು ಬಿಡಲಿಲ್ಲ. ಅಕ್ಕಪಕ್ಕದವರು ಬಂದು ಕೈ ಹಿಂದಕ್ಕೆ ತಿರುಚಿ ಕಸಿದುಕೊಳ್ಳಬೇಕಾಯಿತು.

ಶಿವರತ್ನಮ್ಮ ಅತ್ತು ರಂಪ ಮಾಡಲಿಲ್ಲ. ತಮ್ಮನ ದವಡೆಗೆ ತನ್ನ ಸೀರೆಯ ಸೆರಗನ್ನೇ ಹರಿದು ಕಟ್ಟಿ, ಗಾಡಿ ಹೂಡಿಸಿ, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಯಳಂದೂರಿಗೆ ಹೊರಟುಹೋದಳು. ಹೋಗುವಾಗ ಗಂಡನ ಕಡೆ ತಿರುಗಿ, "ಆ ಆಡುಗಾರನ್ನೇ ಕರ್ಕಬಂದು ಸಂಸಾರ ಮಾಡು. ಮಗಾನೂ ಅವನ್ಗೇ ಉಟ್ತು ಅಂದ್ಕ," ಎಂದಳು.

ಮನೆ ಬಿಕೋ ಎಂದಿತು. ಷಡಕ್ಷರಿಗೆ ಹೆಂಡತಿಯೆಂದರೆ ಆಸೆಯಿರಲಿಲ್ಲ ಎಂದಲ್ಲ, ಬೆಟ್ಟದಷ್ಟಿತ್ತು. ಅವಳು ಬರಲೇಬೇಕು, ಮಗು ಈ ಮನೆಯಲ್ಲೇ ಅಳಬೇಕು. ಚಿಕ್ಕಪ್ಪ ಚಿಕ್ಕಮಾದಪ್ಪ ಬಂದು ಉಗಿದ.

"ಓಗಿ ಆ ಐದ ಶಿವನಂಜನ ಕಾಲು ಕಟ್ಕ. ತಪ್ಪಾಯ್ತು ಅನ್ನು. ಎಂಡ್ತಿ ಬತ್ತಾಳ."

"ತಪ್ಪು ಅಂದ್ರ ಆಣೆ ಸುಳ್ಳಾಯ್ತದ ಚಿಕ್ಕಪ್ಪ. ಕಂಪ್ನಿ ಈಗ ಕೊಳ್ಳೇಗಾಲಕ್ಕೇ ಬಂದದ. ದಾಸಪ್ಪನೋರ ತಾವ್ಕೇ ಓಯ್ತೀನಿ. ಷಡಕ್ಷರಿ ನನ್ ಮಾನ ಉಳ್ಸುದ ಅಂತ ಅವ್ರೇ ಒಂದು ಮಾತು ಏಳುದ್ರ ರತ್ನಿನೂ ಒಪ್ತಾಳ. ಅವ್ರೇ ಯಳಂದೂರ್ಗ ಬಂದ್ರೂ ಬಂದ್ರು!"

ಚಿಕ್ಕಮಾದಪ್ಪ ಹಣೆ ಚಚ್ಚಿಕೊಂಡು ಎದ್ದು ಹೋದ.

ಮಾರನೆಯ ದಿನ ಮಧ್ಯಾಹ್ನ ಷಡಕ್ಷರಿ ಒಂದು ರೇಷ್ಮೆ ಶಲ್ಯ ಕೊಂಡು, ಕಂಪನಿಯ ತಗಡಿನ ಕೊಟ್ಟಿಗೆಯ ಹಿಂದೆ ಹೋಗಿ ನಿಂತ. ಅಂಗಳದಲ್ಲಿ ಹೊಟ್ಟೆ ಬಿಟ್ಟ ಒಬ್ಬ ಮುದುಕ ಬರೀ ಮೈಯಲ್ಲಿ ಕೂತು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. ಅವರೇ ದಾಸಪ್ಪನವರು ಎಂದು ತಿಳಿಯಲು ಇವನಿಗೆ ಹೊತ್ತು ಹಿಡಿಯಿತು. ತಿಳಿದ ಮೇಲೆ ಉದ್ದಂಡ ಬಿದ್ದ. ಶಲ್ಯವನ್ನು ಕಾಲ ಬಳಿ ಇಟ್ಟು, ಆಣೆ ಇಟ್ಟದ್ದು, ಚೊಂಬು ಬೀಸಿದ್ದು, ಭಾವಮೈದನ ಹಲ್ಲು ಬಿದ್ದದ್ದು ಎಲ್ಲವನ್ನೂ ಉಬ್ಬಿ ಉಬ್ಬಿ ಹೇಳಿದ. ಹೇಳಿ, ಶಹಬ್ಬಾಸ್ ಎನ್ನುತ್ತಾರೆಂದು ಬಾಯಿ ನೋಡಿದ.

ದಾಸಪ್ಪನವರು ಎಲೆಯಡಿಕೆ ಉಗಿದು ನಕ್ಕರು. "ಇದಕ್ಕೆ ಹಲ್ಲು ಮುರಿದೆಯೇನಯ್ಯ? ಅವನು ಹೇಳಿದ್ದು ಸರಿಯಾಗಿಯೇ ಇದೆಯಲ್ಲ! ನನ್ನ ಗಂಟಲು ಒಡೆದು ಎಷ್ಟೋ ಕಾಲವಾಯಿತು. ಮೇಲಿನ ಸ್ವರಕ್ಕೆಲ್ಲ ನಮ್ಮ ಹಾರ್ಮೋನಿಯಂನವನೇ ಗತಿ. ನಾನು ಬಾಯಿ ಆಡಿಸುತ್ತೇನೆ, ಅಷ್ಟೆ. ಹುಡುಗ ಕಿವಿ ಇದ್ದವನು ಕಣಯ್ಯ!"

ಎಣ್ಣೆ ತಿಕ್ಕುವವನೂ ಕಿಸಕ್ಕನೆ ನಕ್ಕ. ಷಡಕ್ಷರಿಯ ಕಣ್ಣು ಕತ್ತಲೆಗಟ್ಟಿತು.

"ಅಂದಿಲ್ಲ ಅನ್ನಿ ಸಾ," ಎಂದ.

"ಏನು?"

"ಒಡ್ದೋಗದ ಅಂತ ಅಂದಿಲ್ಲ ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ, ಅಂದಿಲ್ಲ ಅಂದ್ಬುಡಿ ಸಾ!"

"ಅಯ್ಯ, ನನ್ನ ಗಂಟಲು, ನಾನು ಹೇಳುತ್ತೇನೆ. ಹರಕು ಮಡಕೆ ಆಗಿದೆ, ಸಾಕೇ? ಏ, ಈ ಗಿರಾಕಿಯನ್ನು ಆಚೆ ಕಳಿಸ್ರೋ."

ಆ ಗಳಿಗೆಯಲ್ಲಿ ಷಡಕ್ಷರಿಗೆ ಹೊಳೆದದ್ದು ಇಷ್ಟೇ. ಈಗ ಕೈ ಎತ್ತದಿದ್ದರೆ ಮಾದಪ್ಪನ ಆಣೆ ಸುಳ್ಳು. ಆಣೆ ಸುಳ್ಳಾದರೆ ಶಿವನಂಜನ ದವಡೆ ಮುರಿದದ್ದು ಯಾತಕ್ಕೆ? ಪರರಿಗೊಂದು, ತಾನು ಪೂಜಿಸುವವರಿಗೊಂದು ಎಂದು ಆಣೆ ಇಟ್ಟಿರಲಿಲ್ಲವಲ್ಲ. ಅಳುತ್ತಲೇ ಮುಷ್ಟಿ ಬಿಗಿದು ದಾಸಪ್ಪನವರ ಬಾಯಿಗೆ ಗುದ್ದಿದ. ಮುದುಕ ಮಣೆಯಿಂದ ಉರುಳಿದ. ಎಲೆಯಡಿಕೆಯ ಕೆಂಪಿಗೆ ರಕ್ತದ ಕೆಂಪು ಸೇರಿತು, ಒಂದು ಹಲ್ಲು ಶಲ್ಯದ ಮೇಲೆ ಬಿತ್ತು.

"ಕೊಲೆ! ಕೊಲೆ! ಆ ಎದುರಾಳಿ ಕಂಪನಿಯವರು ಗೂಂಡಾ ಕಳಿಸಿದ್ದಾರೆ!" ಎಂದು ದಾಸಪ್ಪನವರು ತೆವಳುತ್ತ ಅರಚಿದರು.

"ಯಾರೂ ಕಳಿಸ್ನಿಲ್ಲ ಸಾ! ನಾನು ನಿಮ್ಮ ಅಭಿಮಾನಿ! ಮುಳ್ಳೂರು ಷಡಕ್ಷರಿ!" ಎಂದು ಇವನೂ ಅರಚಿದ. ಅರಚುತ್ತ ಇನ್ನೊಂದು ಗುದ್ದಿದ.

ಕಂಪನಿಯ ಆಳುಗಳು ಪರದೆ ಕಟ್ಟುವ ಬಿದಿರುಗಳ ಸಮೇತ ಬಂದರು. ಬೆನ್ನು, ಮೊಣಕಾಲು, ತಲೆ ಎನ್ನದೆ ಚಚ್ಚಿದರು. ಬಿದ್ದವನ ಕೈ ಮೇಲೆ ಒಬ್ಬ ಹತ್ತಿ ನಿಂತ, ಬೆರಳುಗಳು ಮುರಿದವು. "ಯಾವ ಕಂಪನಿಯೋನು ನೀನು? ಬೊಗಳು!" ಎಂದು ಕೇಳಿ ಕೇಳಿ ಹೊಡೆದರು. ಹೇಳಿದ್ದನ್ನು ಯಾರೂ ನಂಬಲಿಲ್ಲ. ಕೊನೆಗೆ ಕಾಲು ಹಿಡಿದು ಎಳೆದು ಬೇಲಿಯಾಚೆ ಎಸೆದರು.

ಅವನು ಮುಳ್ಳೂರಿನ ಕಡೆ ತಿರುಗಲಿಲ್ಲ. ರಾತ್ರಿ ಒಂದು ಹುಣಸೆಮರದ ಬುಡದಲ್ಲಿ ನರಳಿ, ಬೆಳಿಗ್ಗೆ ಯಾರದೋ ಗಾಡಿ ಹತ್ತಿ, ಸುವರ್ಣಾವತಿಯಲ್ಲಿ ಮುಖದ ರಕ್ತ ತೊಳೆದುಕೊಂಡು ಯಳಂದೂರಿನ ಮಾವನ ಮನೆಯ ಬಾಗಿಲಿಗೆ ಬಂದ. ಜಗಲಿಯ ಮೇಲೆ ಶಿವನಂಜ ದವಡೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ಶಿವರತ್ನಮ್ಮ ಅವನ ತುಟಿಯ ಸಂದಿಗೆ ಚಿಟಿಕೆ ಚಿಟಿಕೆಯಾಗಿ ಅಂಬಲಿ ಬಿಡುತ್ತಿದ್ದಳು.

"ಯಾರು ಒಡುದ್ರು?" ಎಂದಳು. ಎದ್ದೇಳಲಿಲ್ಲ.

ಷಡಕ್ಷರಿ ಅಂಗಳದ ಮಣ್ಣಿನಲ್ಲೇ ಕೂತು ಒಂದೂ ಮುಚ್ಚಿಡದೆ ಹೇಳಿದ. ಗಂಟಲು ಒಡೆದಿದೆ ಎಂದು ದಾಸಪ್ಪನವರೇ ಅಂದರು ಎನ್ನುವ ಹೊತ್ತಿಗೆ ಶಿವನಂಜನಿಗೆ ನಗು ಬಂತು. ನಗಲಾರದೆ ದವಡೆ ಹಿಡಿದುಕೊಂಡ, ನೋವಿಗೆ ಕಣ್ಣಲ್ಲಿ ನೀರು ಸುರಿಯಿತು. ಶಿವರತ್ನಮ್ಮ ನಗಲಿಲ್ಲ.

"ಆ ದಾಸಪ್ಪ ನಿನ್ ಎಸ್ರು ಕೇಳುದ್ನ?"

"ಇಲ್ಲ. ನಾನೇ ಕೂಗಿ ಏಳ್ದಿ. ಅವರ್ಗ ಅದು ಕಿವಿಗೇ ಓಗ್ನಿಲ್ಲ."

ಅವಳು ಅಂಬಲಿಯ ಬಟ್ಟಲನ್ನು ಕೆಳಗಿಟ್ಟಳು. "ನೀ ಚೊಂಬಲ್ಲಿ ಎರಡ್ನೇ ಏಟು ಆಕುವಾಗ ನಮ್ ತಮ್ಮ ಏನಂತ ಕೂಗ್ದ, ಕೇಳುಸ್ತ? ಅವ್ವ ಅನ್ನಿಲ್ಲ. ಅಕ್ಕ ಅನ್ನಿಲ್ಲ. ಭಾವ, ಭಾವ ಅಂದ ಕಣಯ್ಯ."

ಷಡಕ್ಷರಿಗೆ ಅದು ಕೇಳಿಸಿರಲಿಲ್ಲ. ಅಂದು ಅವನ ಕಿವಿಯ ತುಂಬ ದಾಸಪ್ಪನವರೇ ಇದ್ದರು. ಮುರಿದ ಬೆರಳುಗಳಿಂದ ಮುಖ ಮುಚ್ಚಿಕೊಂಡು ಹೋ ಎಂದು ಅತ್ತುಬಿಟ್ಟ. ಶಿವನಂಜ ಅಕ್ಕನ ಕೈ ಮುಟ್ಟಿ, ಭಾವನನ್ನು ಮೇಲೆ ಕರೆ ಎಂದು ಸನ್ನೆ ಮಾಡಿದ. ಅವಳು ಬೇಡವೆಂದು ತಲೆಯಾಡಿಸಿ, ಬಟ್ಟಲು ಎತ್ತಿಕೊಂಡು, ತಮ್ಮನಿಗೆ ಅಂಬಲಿ ಕುಡಿಸುವುದನ್ನು ಮುಂದುವರಿಸಿದಳು.